ರೋಹಿಣಿಯಂದು ಹೊರಗೆ ಕೂತದ್ದು

ಕಪಾಟಿನ ತಳಕ್ಕೆ ಹಾಸಲು ಹಳೆಯ ಕಾಗದ ಹುಡುಕುತ್ತಿದ್ದೆ. ನುಸಿಗುಳಿಗೆಯ ವಾಸನೆಯ ನಡುವಿನಿಂದ ಅಜ್ಜಿಯ ಪಂಚಾಂಗವೊಂದು ಕೈಗೆ ಬಂತು. ಪ್ರತಿ ತಿಂಗಳೂ ರೋಹಿಣಿ ನಕ್ಷತ್ರದ ಎದುರು ಪೆನ್ಸಿಲಿನ ಪುಟ್ಟ ಸೊನ್ನೆ. ನೀವು ಯಾವುದೋ ವ್ರತವೆಂದುಕೊಂಡೀರಿ. ಅಲ್ಲ, ಅದು ನಾನು.

ಆಗ ನನಗೆ ಹದಿಮೂರು. ಉರ್ವದಲ್ಲಿ ಮನೆ, ಅಪ್ಪ ದೇವಸ್ಥಾನದ ಅರ್ಚಕರು. ಮುಟ್ಟಾದವರು ನಾಲ್ಕು ದಿನ ಹಿಂದಿನ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ಲೋಟ ಇಟ್ಟುಕೊಂಡು ಕೂರಬೇಕು. ಶಾಲೆಯೂ ಇಲ್ಲ. ನಾನು ಮೊದಲ ಸಲ ಕೂತದ್ದು ರೋಹಿಣಿಯಂದು. ಚಂದ್ರ ಇಪ್ಪತ್ತೇಳು ದಿನಕ್ಕೆ ಮತ್ತೆ ರೋಹಿಣಿಗೆ ಬರುತ್ತಾನಾದ್ದರಿಂದ ಮೊಮ್ಮಗಳೂ ಹಾಗೆಯೇ ನಡೆದುಕೊಳ್ಳತಕ್ಕದ್ದು ಎಂದು ಅಜ್ಜಿ ತೀರ್ಮಾನಿಸಿದರು. ಗ್ರಹಣವನ್ನು ನಿಮಿಷ ಸಹಿತ ಹೇಳುವ ಮನೆತನ ನಮ್ಮದು. ಒಂದು ಹುಡುಗಿಯ ಮುಟ್ಟು ಯಾವ ಮಹಾ?

ಚಂದ್ರ ಮಾತಿಗೆ ತಪ್ಪಲಿಲ್ಲ. ನಾನು ತಪ್ಪಿದೆ. ಒಮ್ಮೆ ಹತ್ತೊಂಬತ್ತು ದಿನಕ್ಕೇ ಬಂತು. ಆಮೇಲೆ ಎರಡು ತಿಂಗಳು ಸುದ್ದಿಯೇ ಇಲ್ಲ. ಪಂಚಾಂಗದ ಮೇಲೆ ಅಜ್ಜಿಗೆ ಸಂಶಯ ಬರಲಿಲ್ಲ, ನನ್ನ ಮೇಲೆ ಬಂತು. ಅವರು ಕಂಡುಹಿಡಿದ ಪರಿಹಾರ ಇದು: ರೋಹಿಣಿ ಬಂದೊಡನೆ, ಮುಟ್ಟಾಗಲಿ ಬಿಡಲಿ, ಮುಂಜಾಗ್ರತೆಗೆ ನಾನು ನಾಲ್ಕು ದಿನ ಹೊರಗೆ. ನಿಜವಾಗಿ ಆದಾಗ ಇನ್ನೊಂದು ನಾಲ್ಕು ದಿನ. ಬಾರದ ನೆಂಟರಿಗೆ ಎಲೆ ಹಾಕಿ ಕಾಯುವ ಮನೆ ಬೇರೆಲ್ಲಾದರೂ ಇದ್ದರೆ ಹೇಳಿ.

ಆ ವರ್ಷ ಶಾಲೆಗಳ ನಡುವಿನ ಚರ್ಚಾಸ್ಪರ್ಧೆಯ ದಿನವೇ ರೋಹಿಣಿ ಬಿತ್ತು. ನಮ್ಮ ಶಾಲೆಯಿಂದ ಆಯ್ಕೆಯಾದ ಮೊದಲ ಹುಡುಗಿ ನಾನು. ಹೋಗದಿದ್ದರೆ ಮುಂದಿನ ವರ್ಷ ಹುಡುಗಿಯರ ಹೆಸರನ್ನೇ ಯಾರೂ ಕೇಳುವುದಿಲ್ಲ ಎಂದು ಟೀಚರ್ ಎಚ್ಚರಿಸಿದ್ದರು.

“ಬಾರದ್ದಕ್ಕೆ ಯಾಕೆ ಕೂರ್ಬೇಕು ಅಜ್ಜಿ?”

“ಮಳೆ ಸುರಿದ ಮೇಲೆ ಕೊಡೆ ಹುಡುಕ್ತೀಯಾ?”

“ಹಾಗಂತ ಕೊಡೆ ಬಿಡಿಸಿ ಮನೆಯೊಳಗೆ ಕೂರ್ತಾರಾ?”

“ಇವಳ ಬಾಯಿ ಯಾವ ನಕ್ಷತ್ರದ್ದು ಅಂತ ಮೊದಲು ನೋಡ್ಬೇಕು ಮಾರಾಯ್ತಿ,” ಎಂದರು ಅಜ್ಜಿ, ಅಮ್ಮನಿಗೆ.

ಅಮ್ಮ ವಾದ ಮಾಡುವವಳಲ್ಲ. ಮರುದಿನ ನನಗೆ ಹಲ್ಲುನೋವೆಂದು ಹೇಳಿ ಬಸ್ಸು ಹತ್ತಿಸಿ, ಕಂಕನಾಡಿಯ ಲೇಡಿ ಡಾಕ್ಟರರ ಬಳಿ ಕರೆದೊಯ್ದಳು.

“ಶುರುವಾಗಿ ವರ್ಷ ಆಗ್ಲಿಲ್ಲ ಅಲ್ವಾ?” ಎಂದರು ಡಾಕ್ಟರು. “ಒಂದೆರಡು ವರ್ಷ ಹೀಗೆ ಹಿಂದೆ ಮುಂದೆ ಆಗ್ತದೆ. ದೇಹಕ್ಕೆ ಅಭ್ಯಾಸ ಆಗ್ಬೇಕಲ್ಲ. ತುಂಬಾ ಹೋದ್ರೆ, ಇಲ್ಲಾ ಮೂರು ತಿಂಗಳಾದ್ರೂ ಬಾರದಿದ್ರೆ ಕರ್ಕೊಂಡು ಬನ್ನಿ.”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟು ತಿಂಗಳು ಅವಳು ಏನೇನು ಹೆದರಿದ್ದಳೋ, ನಾನು ಕೇಳಲಿಲ್ಲ. ನನಗೆ ಪುರಾವೆ ಸಿಕ್ಕಿತ್ತು.

ಮನೆಗೆ ಬಂದವಳೇ ಮಂಡಿಸಿದೆ: ಇದು ಯಾವಾಗ ಬರುತ್ತದೆಂದು ಯಾರಿಗೂ ಹೇಳಲಾಗದು, ಡಾಕ್ಟರರೇ ಹೇಳಿದ್ದಾರೆ, ಆದ್ದರಿಂದ ರೋಹಿಣಿಗೂ ನನಗೂ ಸಂಬಂಧವಿಲ್ಲ.

“ಹಲ್ಲಿನ ಡಾಕ್ಟರಾ?” ಎಂದರು ಅಜ್ಜಿ. ಅಮ್ಮ ನೆಲ ನೋಡಿದಳು. “ಯಾವಾಗ ಬರ್ತದೆ ಅಂತ ಅವರಿಗೂ ಗೊತ್ತಿಲ್ಲ! ಹಾಗಾದ್ರೆ ಯಾವ ದಿನವೂ ಬರಬಹುದು. ಸರಿ ಆಗುವವರೆಗೆ ಇವಳಿಗೆ ಶಾಲೆಯೇ ಬೇಡ.”

ವಾದ ಗೆದ್ದು ವ್ಯಾಜ್ಯ ಸೋಲುವುದೆಂದರೆ ಇದು, ನೋಡಿ.

ಆಗ ಅಮ್ಮ ಬಾಯಿ ತೆರೆದಳು. “ಅತ್ತೆ, ನಾನು ಈ ಮನೆಗೆ ಬಂದಾಗ ಇವಳಷ್ಟೇ ದೊಡ್ಡವಳು. ನನಗೂ ಹೀಗೇ ಹಿಂದೆ ಮುಂದೆ ಆಗ್ತಿತ್ತು. ಎಷ್ಟೋ ಸಲ ನಾನು ಹೇಳ್ಲೇ ಇಲ್ಲ. ಮುಟ್ಟಾಗಿಯೇ ದೇವರ ದೀಪ ಹಚ್ಚಿದ್ದೇನೆ. ಮನೆಗೆ ಎಂತ ಆಯ್ತು?”

ಅರ್ಚಕರ ಹೆಂಡತಿ ಆಡುವ ಮಾತಲ್ಲ. ಅಪ್ಪನ ಕಿವಿಗೆ ಬಿದ್ದಿದ್ದರೆ ಮನೆಗೆ ಶುದ್ಧಿ, ಅಮ್ಮನಿಗೆ ತವರು. ಅಜ್ಜಿ ಅವಳನ್ನೇ ನೋಡಿದರು.

“ನನಗೆ ಗೊತ್ತುಂಟು,” ಎಂದರು. “ನೀನು ಆಚೆ ಹೋದ ಮೇಲೆ ನೀರು ಚಿಮುಕಿಸಿ ನಾನೇ ಇನ್ನೊಮ್ಮೆ ಹಚ್ತಿದ್ದೆ. ಇವಳು ಹೋಗ್ಲಿ. ಬಂದವಳು ಬಾವಿಕಟ್ಟೆಯಲ್ಲಿ ಮಿಂದೇ ಒಳಗೆ ಬರ್ಲಿ.”

ಹೋದೆ. ಮೂರನೆಯ ಬಹುಮಾನ ಬಂತು. ಮುಟ್ಟು ಬಂದದ್ದು ಮತ್ತೂ ಹನ್ನೊಂದು ದಿನ ಕಳೆದು, ಯಾವ ನಕ್ಷತ್ರದ ಅನುಮತಿಯೂ ಇಲ್ಲದೆ.

ಕಾಲೇಜಿಗೆ ಸೇರಿದ ಮೇಲೆ ಗೆಳತಿಯರಿಗೆ ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ! ಆಚಾರವನ್ನು ಒಬ್ಬಳು ಗುಟ್ಟಾಗಿ ಮುರಿದಳು, ಇನ್ನೊಬ್ಬಳು ಗುಟ್ಟಾಗಿ ಕ್ಷಮಿಸಿದಳು ಎಂದು. ಇವತ್ತೂ ಅದೇ ಹುಮ್ಮಸ್ಸಿನಲ್ಲಿ ಅಡುಗೆಮನೆಗೆ ಹೋಗಿ ಕೇಳಿದೆ, “ಅಮ್ಮಾ, ಮುಟ್ಟಾಗಿ ದೀಪ ಹಚ್ಚುವಾಗ ನಿನಗೆ ಹೆದರಿಕೆ ಆಗ್ಲಿಲ್ವಾ?”

ಅಮ್ಮ ಅನ್ನದ ಪಾತ್ರೆಯಿಂದ ಮುಖ ಎತ್ತಲಿಲ್ಲ. “ಯಾರು ಹಚ್ಚಿದ್ದು? ನಾನು ಒಂದು ದಿನವೂ ಹಚ್ಚಲಿಲ್ಲ. ಆದ ಗಳಿಗೆಗೇ ಹೋಗಿ ಜಗಲಿಯಲ್ಲಿ ಕೂತಿದ್ದೇನೆ.”

“ಮತ್ತೆ ಅಜ್ಜಿ ಗೊತ್ತುಂಟು ಅಂದದ್ದು?”

“ನನಗೆ ಚಾಪೆ ತಂದು ಕೊಡ್ತಿದ್ದದ್ದೇ ಅವರು. ನಾನು ಹಚ್ಚಲಿಲ್ಲ ಅಂತ ಅವರಿಗೆ ಗೊತ್ತಿಲ್ವಾ? ಸ್ವಲ್ಪ ಆಚೆ ಸರಿ, ಅನ್ನ ಬಗ್ಗಿಸ್ಬೇಕು.”

ಅಜ್ಜಿ ಹೋಗಿ ಎರಡು ವರ್ಷವಾಯಿತು. ಎದುರಾಳಿಯ ಒಂದೊಂದು ಮಾತಿಗೂ ಆಧಾರ ಕೇಳುವ ನಾನು, ಅಂದು ಅವರಿಬ್ಬರ ನಡುವೆ ನಿಂತು, ಎರಡು ಸುಳ್ಳುಗಳನ್ನು ಒಂದು ಪ್ರಶ್ನೆಯೂ ಇಲ್ಲದೆ ನಂಬಿದ್ದೆ. ಆಚೆ ಸರಿದು ನಿಂತೆ.