ಮೂರನೇ ತಿರುವಿನ ಏರು

ಬಸ್ ಡಿಪೋದ ಗೇರ್‌ಬಾಕ್ಸ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಅವರನ್ನು ಎಲ್ಲರೂ ಹಲ್ಲಣ್ಣ ಎಂದೇ ಕರೆಯುತ್ತಿದ್ದರು. ಯಾವ ಗೇರ್ ಚಕ್ರ ಕೈಗೆ ಸಿಕ್ಕರೂ ಮೊದಲು ಅದರ ಹಲ್ಲೆಣಿಸುವುದು ಅವರ ಚಾಳಿ. ಒಮ್ಮೆ ಯಾರೋ ದವಡೆ ಹಿಡಿದುಕೊಂಡು ಅವರ ರಿಪೇರಿ ಶೆಡ್ಡಿನ ಬಾಗಿಲಿಗೆ ಬಂದು, ಹಲ್ಲಿನ ಡಾಕ್ಟರು ಇಲ್ಲೇ ಕೂರುವುದಲ್ಲವೇ ಎಂದು ಕೇಳಿದ್ದುಂಟು. ಹೆಂಡತಿ ಇದ್ದಿದ್ದರೆ ಅದನ್ನು ಹೇಳಿಕೊಂಡು ವಾರವಿಡೀ ನಗಬಹುದಿತ್ತು. ಅವಳು ತೀರಿಹೋಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಲ್ಲಣ್ಣ ಆ ಸಂಜೆ ಬೀಗದ ಅಂಗಡಿಯ ಮೇಲಿನ ತಮ್ಮ ಕೋಣೆಗೆ ಹೋಗಿ, ಒಬ್ಬರೇ ಉಂಡು, ತಟ್ಟೆ ತೊಳೆದು ಬೋರಲು ಹಾಕಿದರು.

ಶೆಡ್ಡು ಇದ್ದದ್ದು ಬೆಟ್ಟದ ರಸ್ತೆ ಶುರುವಾಗುವ ಜಾಗದಲ್ಲಿ. ವಾರಕ್ಕೆ ಮೂರು ದಿನ ಒಂದು ಬಿಳಿ ಡೀಸೆಲ್ ವ್ಯಾನು ಅದರ ಮುಂದೆ ಹಾದುಹೋಗುತ್ತಿತ್ತು. ಬೆಳಿಗ್ಗೆ ಬೆಟ್ಟದ ಮೇಲಿನ ಊರುಗಳಿಂದ ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಆಸ್ಪತ್ರೆಗೆ ತಂದು, ಸಂಜೆಗೆ ಮನೆ ಮುಟ್ಟಿಸುವ ವ್ಯಾನು. ಅದನ್ನು ಓಡಿಸುತ್ತಿದ್ದ ನಲವತ್ತರ ಹೆಂಗಸು ಎಲ್ಲರ ಬಾಯಲ್ಲೂ ಡ್ರೈವರಮ್ಮ.

ಒಂದು ಮಧ್ಯಾಹ್ನ ಆಕೆ ಖಾಲಿ ವ್ಯಾನನ್ನು ಶೆಡ್ಡಿನ ಮುಂದೆ ನಿಲ್ಲಿಸಿ ಇಳಿದರು.

“ಅಣ್ಣಾ, ಎಲ್ಲರೂ ಕೂತಿದ್ರೆ ಮೂರನೇ ತಿರುವಲ್ಲಿ ಹತ್ತೋದೇ ಇಲ್ಲ. ಅವರನ್ನ ಇಳಿಸಿ, ಖಾಲಿ ಗಾಡಿ ಹತ್ತಿಸಿ, ಮೇಲೆ ಕಾಯ್ತೀನಿ. ನಾಲ್ಕು ಗಂಟೆ ಮಲಗಿ ರಕ್ತ ತೊಳೆಸಿಕೊಂಡು ಬಂದವರು ಏರು ಹತ್ತಿ ಬರೋದನ್ನ ಕನ್ನಡೀಲಿ ನೋಡೋಕಾಗಲ್ಲ ನನಗೆ.”

ಬೇರೆ ಮೆಕ್ಯಾನಿಕ್‌ಗಳು ಇಂಜಿನ್ನೇ ಬದಲಾಯಿಸಬೇಕು ಎಂದು ಕೈ ತೊಳೆದುಕೊಂಡಿದ್ದರಂತೆ. ವ್ಯಾನು ನಡೆಸುವ ಸಂಘಕ್ಕೆ ಅದು ಆಗದ ಮಾತಾಗಿತ್ತು. ಹಲ್ಲಣ್ಣ ಸಂಜೆ ತಾವೂ ಬರುವುದಾಗಿ ತಿಳಿಸಿದರು.

ಸಂಜೆ ವ್ಯಾನು ಹತ್ತಿದಾಗ ಒಳಗಿದ್ದ ಒಂಬತ್ತು ಮಂದಿಯೂ ಸರಿದು ಜಾಗ ಮಾಡಿಕೊಟ್ಟರು. ಪಕ್ಕದಲ್ಲಿ ಕೂತವರು ಕನಿಕರದಿಂದ, ಯಾವಾಗಿನಿಂದ ಶುರುವಾಯಿತು ಎಂದು ಕೇಳಿದರು. ಹಲ್ಲಣ್ಣ ಇವತ್ತಿನಿಂದ ಎಂದುಬಿಟ್ಟರು. ತಮ್ಮನ್ನು ರೋಗಿ ಎಂದುಕೊಂಡಿದ್ದಾರೆಂದು ಹೊಳೆಯುವಷ್ಟರಲ್ಲಿ ಇಡೀ ವ್ಯಾನು ಅವರಿಗೆ ನೀರು ಎಷ್ಟು ಕುಡಿಯಬೇಕು, ಕೈ ಹೇಗಿಟ್ಟುಕೊಳ್ಳಬೇಕು ಎಂದು ಬುದ್ಧಿ ಹೇಳತೊಡಗಿತ್ತು. ಅಷ್ಟು ಜನ ಒಟ್ಟಿಗೆ ಅವರ ಯೋಗಕ್ಷೇಮ ವಿಚಾರಿಸಿ ಯಾವ ಕಾಲವಾಗಿತ್ತೋ. ತಾವು ಬರೀ ಮೆಕ್ಯಾನಿಕ್ ಎಂದು ಅವರು ಹೇಳಿದ್ದು ಎರಡನೇ ತಿರುವು ದಾಟಿದ ಮೇಲೆ.

ಮೂರನೇ ತಿರುವಿನಲ್ಲಿ ವ್ಯಾನು ಗೂರಲು ಹಿಡಿದವರಂತೆ ಕೆಮ್ಮಿ ನಿಂತಿತು. ಮತ್ತೆ ಹೊರಡಿಸಲು ಹೋದರೆ ಕ್ಲಚ್ಚು ಸುಟ್ಟ ವಾಸನೆ. ಎಲ್ಲರೂ ಇಳಿದರು. ಎಲ್ಲರಿಗಿಂತ ಹಿಂದೆ ಉಳಿದವರೆಂದರೆ ಬಟ್ಟೆ ಹೊಲಿಯುತ್ತಿದ್ದ ಹೆಂಗಸು, ಟೈಲರಕ್ಕ. ಹಲ್ಲಣ್ಣ ಅವರ ಜೊತೆಗೆ ಹೆಜ್ಜೆ ಹಾಕಿದರು.

“ನೀವು ಮುಂದೆ ನಡೀರಿ,” ಎಂದರು ಆಕೆ. “ನನ್ನದು ಒಂದನೇ ಗೇರು.”

ಹಲ್ಲಣ್ಣ ಹೆಜ್ಜೆ ನಿಧಾನಿಸಿ, “ನನ್ನದೂ ಅಷ್ಟೇ,” ಎಂದರು.

ಇನ್ನೂರ ನಲವತ್ತು ಹೆಜ್ಜೆಯ ಏರು. ನಡುವೆ ಎರಡು ಕಡೆ ತಡೆಗೋಡೆಯ ಮೇಲೆ ಕೂತರು. ಆಕೆ ಅವರ ಅಂಗಿಯ ತೋಳನ್ನು ನೋಡಿ, ಈ ಹೊಲಿಗೆ ಹಾಕಿದವರಿಗೆ ಸೂಜಿ ಹಿಡಿಯಲು ಬರುವುದಿಲ್ಲ ಎಂದರು. ಹಾಕಿದವರು ಹಲ್ಲಣ್ಣನೇ. ಅವರು ತೋಳು ಮಡಚಿಕೊಂಡರು.

ಮರುದಿನ ಶೆಡ್ಡಿನಲ್ಲಿ ಅವರು ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಚಕ್ರ ಒಂದು ಪೂರ್ತಿ ಸುತ್ತು ಬರುವಷ್ಟು ವ್ಯಾನನ್ನು ತಳ್ಳಿಸಿದರು. ಅಷ್ಟರಲ್ಲಿ ಕೆಳಗೆ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟು ನಾಲ್ಕು ಸುತ್ತಿಗಿಂತ ಚೂರು ಹೆಚ್ಚು ತಿರುಗಿತು. ಸಂಶಯ ನಿಜವಾಯಿತು. ಹಿಂದೆ ಯಾರೋ ಪೆಟ್ರೋಲ್ ವ್ಯಾನಿನ ಡಿಫರೆನ್ಷಿಯಲ್ಲನ್ನು, ಅಂದರೆ ಹಿಂದಿನ ಅಚ್ಚಿನ ಹಲ್ಲುಚಕ್ರಗಳ ಜೋಡಿಯನ್ನು, ಇದಕ್ಕೆ ಕೂರಿಸಿದ್ದರು.

“ಇಂಜಿನ್ ಕೆಟ್ಟಿಲ್ಲಮ್ಮ,” ಎಂದರು ಡ್ರೈವರಮ್ಮನಿಗೆ. “ಶಕ್ತಿ ಕಮ್ಮಿ, ನಿಜ. ಆದ್ರೆ ಅದನ್ನ ಓಡೋ ಗಾಡಿಯ ಹಲ್ಲುಗಳಿಗೆ ಜೋಡಿಸಿದ್ದಾರೆ. ಮುದುಕರಿಗೆ ಎತ್ತರದ ಮೆಟ್ಟಿಲು ಕಟ್ಟಿಕೊಟ್ಟ ಹಾಗಾಗಿದೆ. ಮೆಟ್ಟಿಲು ತಗ್ಗಿಸಿದ್ರೆ ತಾನೇ ಹತ್ತುತ್ತೆ.”

ಹಳೆಯ ಗುಜರಿಯೊಂದರಲ್ಲಿ ನಲವತ್ತೊಂದು ಹಲ್ಲಿನ ದೊಡ್ಡ ಚಕ್ರ, ಎಂಟು ಹಲ್ಲಿನ ಚಿಕ್ಕ ಚಕ್ರದ ಜೋಡಿ ಸಿಕ್ಕಿತು. ಅದನ್ನು ಕೂರಿಸಿದ ಮೇಲೆ ಶಾಫ್ಟು ಐದು ಸುತ್ತಿಗೂ ಮಿಕ್ಕಿ ತಿರುಗಿತು. ವ್ಯಾನು ಎಲ್ಲರನ್ನೂ ಹೊತ್ತು ಮೂರನೇ ತಿರುವನ್ನು ಎರಡನೇ ಗೇರಿನಲ್ಲೇ ಹತ್ತಿತು.

ಆದರೆ ಸಮತಟ್ಟಿನ ರಸ್ತೆಯಲ್ಲಿ ಹೊಸ ತಾಪತ್ರಯ ಶುರುವಾಯಿತು. ಇಂಜಿನ್ ಕಿವಿ ಹರಿಯುವಂತೆ ಚೀರುತ್ತಿತ್ತು. ವ್ಯಾನು ಮಾತ್ರ ಅದಕ್ಕೆ ತಕ್ಕ ವೇಗದಲ್ಲಿ ಹೋಗುತ್ತಿರಲಿಲ್ಲ. ಸ್ಪೀಡೋಮೀಟರು ಎಪ್ಪತ್ತು ತೋರಿಸಿದ್ದಕ್ಕೆ ಹಿಂದೆ ಕೂತವರು ಖುಷಿಪಟ್ಟರು. ಹಲ್ಲು ಬದಲಾದ ಮೇಲೆ ಅದು ಸುಳ್ಳು ಹೇಳುತ್ತಿದೆ, ನಿಜವಾಗಿ ಐವತ್ತಾರೇ ಎಂಬುದು ಹಲ್ಲಣ್ಣನಿಗೆ ಮಾತ್ರ ಗೊತ್ತಿತ್ತು. ಕೊನೆಗೂ ಐದು ಗೇರಿನ ಪೆಟ್ಟಿಗೆಯೊಂದನ್ನು ಹುಡುಕಬೇಕಾಯಿತು. ಅದರಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಅಂತರ ಕಡಿಮೆ, ಹಾಗಾಗಿ ಏರಿನಲ್ಲಿ ಗೇರು ಬದಲಿಸಿದರೂ ಇಂಜಿನ್ ಉಸಿರುಗಟ್ಟುವುದಿಲ್ಲ; ಐದನೆಯದು ಸಮತಟ್ಟಿಗೆಂದೇ ಇರುವಂಥದ್ದು.

ಅದು ಸಿಗುವ ತನಕದ ಮೂರು ವಾರ ಹಲ್ಲಣ್ಣ ಪರೀಕ್ಷೆಯ ನೆಪದಲ್ಲಿ ಆರು ಸಲ ವ್ಯಾನಿನಲ್ಲಿ ಹೋಗಿ, ಕೊನೆಯ ಬಸ್ಸಿನಲ್ಲಿ ಬೆಟ್ಟ ಇಳಿದು ಬಂದರು. ಎರಡು ಸಲ ಸಾಕಿತ್ತು. ಟೈಲರಕ್ಕ ಒಂದು ದಿನ ಅಂಗಿ ಬಿಚ್ಚಿಸದೆಯೇ ಆ ತೋಳಿನ ಹೊಲಿಗೆ ಬಿಚ್ಚಿ ಹೊಸದಾಗಿ ಹಾಕಿಕೊಟ್ಟರು.

ಹೊಸ ಪೆಟ್ಟಿಗೆ ಕೂತಿತು. ಸ್ಪೀಡೋಮೀಟರನ್ನೂ ಸರಿಮಾಡಿದರು. ಎಲ್ಲ ಮುಗಿಯಿತು. ಅಲ್ಲಿಂದ ಮುಂದೆ ವ್ಯಾನಿಗೆ ಅವರ ಅಗತ್ಯ ಬೀಳಲಿಲ್ಲ. ಸಂಜೆ ಐದೂ ಕಾಲಿಗೆ ಅದು ಶೆಡ್ಡನ್ನು ದಾಟುವಾಗ ಒಂದಿಬ್ಬರು ಕೈ ಬೀಸುತ್ತಿದ್ದರು. ಟೈಲರಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿರುತ್ತಿದ್ದರು. ಹಲ್ಲಣ್ಣ ಕೈ ಒರೆಸುತ್ತ ನಿಂತು, ಎರಡು, ಮೂರು ಎಂದು ಗೇರು ಬೀಳುವುದನ್ನು ಕೇಳಿಸಿಕೊಳ್ಳುತ್ತಿದ್ದರು. ಶಬ್ದ ಬೆಟ್ಟದ ಹಿಂದೆ ಕರಗಿದ ಮೇಲೆ ಶೆಡ್ಡಿನಲ್ಲಿ ಮಾಡಲು ಏನೂ ಇರುತ್ತಿರಲಿಲ್ಲ. ಬಾಗಿಲೆಳೆದು ಕೋಣೆಗೆ ಹೋದರೆ ಅಲ್ಲಿಯೂ ಏನೂ ಇರುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಡ್ರೈವರಮ್ಮ ಒಂದು ಮಧ್ಯಾಹ್ನ ಬಂದು, ಮೂರನೇ ಗೇರಿನಲ್ಲಿ ಏನೋ ಶಬ್ದ, ಸಂಜೆ ಕೂತು ಒಮ್ಮೆ ಕೇಳಬೇಕು ಎಂದರು. ಹಲ್ಲಣ್ಣ ಅಲ್ಲೇ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ, ಗೇರಿನ ಹಿಡಿಯ ಮೇಲೆ ಅಂಗೈ ಇಟ್ಟು ನೋಡಿದರು. ಯಾವ ಶಬ್ದವೂ ಇಲ್ಲ, ಪೆಟ್ಟಿಗೆ ಅಚ್ಚುಕಟ್ಟಾಗಿದೆ ಎಂದರು. ಆಕೆ ಏನೋ ಹೇಳಹೊರಟವರು, ಹಾಗಾದರೆ ಸರಿ ಎಂದು ಹೊರಟುಹೋದರು.

ಆಕೆ ಬಂದದ್ದೇಕೆಂದು ಹಲ್ಲಣ್ಣನಿಗೆ ತಿಳಿದದ್ದು ವ್ಯಾನು ಕಣ್ಮರೆಯಾದ ಮೇಲೆ. ತಮ್ಮ ಒಂಟಿತನ ಇನ್ನೊಬ್ಬರ ಕಣ್ಣಿಗೆ ಬೀಳುವಷ್ಟಾಗಿದೆಯೇ ಎಂದು ನಾಚಿಕೆಯಾಯಿತು. ಆ ವಾರ ವ್ಯಾನು ದಾಟುವ ಹೊತ್ತಿಗೆ ಅವರು ಶೆಡ್ಡಿನ ಒಳಗೇ ಇದ್ದರು.

ಮುಂದಿನ ಸೋಮವಾರ ಐದಕ್ಕೇ ಮುಖ ತೊಳೆದು ರಸ್ತೆಯ ಬದಿಗೆ ಬಂದು ನಿಂತರು. ವ್ಯಾನು ಕಂಡಾಗ ಕೈ ಎತ್ತಿದರು.

“ಶಬ್ದ ಇದ್ರೂ ಇರಬಹುದು,” ಎಂದರು, ಡ್ರೈವರಮ್ಮನ ಮುಖ ನೋಡದೆ. “ಇನ್ನೊಂದ್ಸಲ ಕೇಳ್ತೀನಿ.”

“ಹತ್ತಣ್ಣಾ,” ಎಂದರು ಆಕೆ.

ಸೀಟು ಖಾಲಿ ಇರಲಿಲ್ಲ, ಹೊಸಬರೊಬ್ಬರು ಸೇರಿದ್ದರು. ಹಲ್ಲಣ್ಣ ಬಾಗಿಲ ಬಳಿಯ ಉಪಕರಣದ ಪೆಟ್ಟಿಗೆಯ ಮೇಲೆ ಕೂತರು. ಎಲ್ಲರೂ ದಣಿದು ಕಣ್ಣು ಮುಚ್ಚಿದ್ದರು. ಟೈಲರಕ್ಕ ಮಾತ್ರ ನಡುವೆ ಎಚ್ಚೆತ್ತು, ಎದುರಿಗೆ ಅವರನ್ನು ಕಂಡು, ಹಿಂದಿನಂತೆ ಇಳಿದು ನಡೆಯಬೇಕೆಂದುಕೊಂಡು ಚೀಲಕ್ಕೆ ಕೈ ಹಾಕಿದರು.

“ತಿರುವು ಬಂತಾ?”

“ದಾಟಿ ಬಂದ್ವಿ ಅಕ್ಕಾ. ನೀವು ಮಲಕ್ಕೊಳ್ಳಿ.”

ಆಕೆ ಮತ್ತೆ ಕಣ್ಣು ಮುಚ್ಚಿದರು. ಹಲ್ಲಣ್ಣ ಎಲ್ಲರೂ ಇಳಿಯುವ ತನಕ ಕೂತಿದ್ದು, ಕೊನೆಯ ಬಸ್ಸು ಹಿಡಿದು ವಾಪಸಾದರು. ಅಲ್ಲಿಂದಾಚೆ ಪ್ರತಿ ಸೋಮವಾರ ಅವರು ಹೀಗೆ ಹೋಗಿ ಬರುತ್ತಿದ್ದರು. ಶಬ್ದದ ಮಾತನ್ನು ಅವರಾಗಲಿ ಡ್ರೈವರಮ್ಮನಾಗಲಿ ಮತ್ತೆ ಎತ್ತಲಿಲ್ಲ.