ಕಾರು ಕೊಟ್ಟರೂ ಹಗ್ಗ ಕೊಡಬಾರದು

ಕಳೆದ ಶನಿವಾರ ನಮ್ಮ ಕಾರು ಕೊಳ್ಳಲು ಬಂದ ಹುಡುಗಿಯ ಮುಂದೆ ಬಲು ಠೀವಿಯಿಂದ ಡಿಕ್ಕಿ ತೆರೆದೆ. ಒಳಗಿರಬೇಕಾದ ಚಾರ್ಜಿಂಗ್ ಕೇಬಲ್ ಮಾಯ!

ನಮ್ಮದು ಎಲೆಕ್ಟ್ರಿಕ್ ಕಾರು ಸ್ವಾಮಿ. ಕೇಬಲ್ ಇಲ್ಲದೆ ಅದನ್ನು ಮಾರುವುದೆಂದರೆ ಒನಕೆ ಇಲ್ಲದ ಒರಳನ್ನು ಮಾರಿದ ಹಾಗೆ.

ಮೊದಲೇ ಪೇಟೆಯಲ್ಲಿ ಅದಕ್ಕೆ ಮರ್ಯಾದೆ ಕಡಿಮೆ. ಸೆಕೆಂಡ್ ಹ್ಯಾಂಡ್ ಕಾರುಗಳಿಗೂ ಜಾತಕ ನೋಡುತ್ತಾರೆ, ಗೊತ್ತೇ? ಜಪಾನಿನ ಹೈಬ್ರಿಡ್‌ಗಳು ದೊಡ್ಡ ಮನೆತನದವು. ವಯಸ್ಸಾದರೂ ಗೌರವ ಇಳಿಯದು. ಪಿಕಪ್ ಟ್ರಕ್ ಪೈಲ್ವಾನನ ಜಾತಿ. ಮೈಮೇಲೆ ಗೀರು ಬಿದ್ದರೂ ಬೆಲೆ ಬೀಳದು. ಐಷಾರಾಮಿ ಸೆಡಾನ್? ಶೋರೂಮಿನ ಗೇಟು ದಾಟುವಷ್ಟರಲ್ಲೇ ಸವಕಳಿ ಶುರು. ಇನ್ನು ನಮ್ಮಂಥವರ ಹಳೇ ಎಲೆಕ್ಟ್ರಿಕ್ಕು ಬಿಡಿ, ಹೊಸ ಮಾಡೆಲ್ ಬಂದ ಮರುದಿನವೇ ಅದು ನಿನ್ನೆಯ ಉಪ್ಪಿಟ್ಟು.

ಆದರೆ ಮಾರಲೇಬೇಕಿತ್ತು. ಹೆಂಡತಿ ಸುಧಾಳ ಕೆಲಸ ಸೋಮವಾರದಿಂದ ದೂರದ ಕೆಂಟ್ ಊರಿಗೆ ಬದಲಾಗುವುದಿತ್ತು. ನಾವಿರುವ ಓವರ್‌ಲೇಕ್‌ನಿಂದ ಅಲ್ಲಿಗೆ ಹೋಗಿಬರುವ ದಮ್ಮು ಚಳಿಗಾಲದಲ್ಲಿ ಈ ಬ್ಯಾಟರಿಗೆ ಇಲ್ಲ. ಅವಳಿಗಾಗಿ, ಪೆಟ್ರೋಲ್ ಹಾಕಿದರೆ ಸಾಕು, ಕೇಬಲ್ಲಿನ ಗೊಡವೆಯೇ ಇಲ್ಲದ ಒಂದು ಹಳೇ ಹೈಬ್ರಿಡ್ ನೋಡಿಟ್ಟಿದ್ದೆವು. ಇದು ಒಳ್ಳೆಯ ಬೆಲೆಗೆ ಹೋದರೆ ಮಾತ್ರ ಅದು ಮನೆಗೆ ಬರುವುದು.

ಕೊಳ್ಳಲು ಬಂದ ಲವೀನಾ ಉಡುಪಿ ಕಡೆಯವಳು. ಖಾಲಿ ಡಿಕ್ಕಿಯನ್ನೂ ನನ್ನನ್ನೂ ನೋಡಿದಳು.

"ಎಂತ ಮಾರಾಯ್ರೆ, ನಾನಿದನ್ನು ತಳ್ಳಿಕೊಂಡು ಹೋಗ್ಬೇಕಾ?"

"ಇಲ್ಲೇ ಇತ್ತು ರೀ, ನಿನ್ನೆ ನಾನೇ ಚಾರ್ಜ್ ಮಾಡಿದ್ದೀನಿ..."

"ಕೇಬಲ್ ಇಲ್ದಿದ್ರೆ ನಂಗೆ ಬೇಡ. ಇನ್ನೊಂದು ಕಾರು ನೋಡ್ಲಿಕ್ಕುಂಟು," ಎಂದು ಅವಳು ಫೋನ್ ತೆಗೆದಳು.

ಸುಧಾ ನನ್ನತ್ತ ನೋಡಿದಳು. (ಮದುವೆಯಾದವರಿಗೆ ಆ ನೋಟವನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಗ್ಯಾರೇಜು ಜಾಲಾಡಿದೆ. ಶೂ ರ‍್ಯಾಕಿನ ಹಿಂದೆ, ವಾಷಿಂಗ್ ಮಷೀನಿನ ಪಕ್ಕ, ಎಲ್ಲೂ ಇಲ್ಲ. ಅಷ್ಟರಲ್ಲಿ ನಮ್ಮ ಸಾವಿತ್ರತ್ತೆ ಕಾಫಿ ಲೋಟ ಹಿಡಿದು ಹೊರಬಂದರು. ನನ್ನ ತಂದೆಯ ತಂಗಿ. ಟೂರಿಸ್ಟ್ ವೀಸಾದ ಮೇಲೆ ಹಾಸನದಿಂದ ಬಂದಿದ್ದಾರೆ. ನನಗೆ ಬರುವ ನಾಲ್ಕು ಒಳ್ಳೆಯ ಮಾತುಗಳೆಲ್ಲ ಅವರ ಅಡುಗೆಮನೆಯಲ್ಲಿ ಕಲಿತವು.

"ಏನೋ ಹುಡುಕ್ತಿದ್ದೀಯಾ?"

"ಚಾರ್ಜಿಂಗ್ ಕೇಬಲ್ ಅತ್ತೆ. ಕಪ್ಪಗೆ, ಉದ್ದಕ್ಕೆ..."

"ಹಗ್ಗ ತಾನೇ? ಬೆಳಿಗ್ಗೇನೇ ಡಿಕ್ಕಿಯಿಂದ ತೆಗೆದು ನನ್ನ ಸೂಟ್‌ಕೇಸ್‌ಲಿ ಇಟ್ಟೆ."

"ಯಾಕತ್ತೆ?!"

"ಯಾಕೆ ಅಂದ್ರೆ? ಹಸು ಕೊಟ್ರೂ ಹಗ್ಗ ಕೊಡ್ತಾರೇನೋ? ಹಗ್ಗ ಹಿಡ್ಕೊಂಡೇ ಲಕ್ಷ್ಮೀನೂ ಹೊರಟುಹೋಗ್ತಾಳೆ. ದಿನಾ ಸಾಯಂಕಾಲ ತಂದು ಕಟ್ತಿದ್ದೋನು ನೀನೇ, ಅಷ್ಟೂ ಗೊತ್ತಾಗಲ್ವಾ?"

ಕೋಪ ಮಾಡಿಕೊಳ್ಳೋಣವೆಂದರೆ ತರ್ಕದಲ್ಲಿ ಒಂದು ತೂತೂ ಇಲ್ಲ! ದಿನವೂ ಸಂಜೆ ಗೋಡೆಗೆ ಕಟ್ಟುತ್ತಿದ್ದೆ, ಬೆಳಿಗ್ಗೆ ಬಿಚ್ಚುತ್ತಿದ್ದೆ. ನೋಡುವವರು ಇನ್ನೇನೆಂದುಕೊಳ್ಳಬೇಕು?

ಲವೀನಾ ಫೋನಿನಿಂದ ತಲೆಯೆತ್ತಿ ಕಿಸಕ್ಕೆಂದಳು. "ನಮ್ಮ ಅಜ್ಜಿಯೂ ಹಾಗೇ ಆಂಟಿ. ದನ ಕೊಡುವಾಗ ಹಗ್ಗ ಬಿಚ್ಚಿ ಇಟ್ಕೊಳ್ತಿದ್ರು. ಆದ್ರೆ ಇದಕ್ಕೆ ಊಟ ಆ ಹಗ್ಗದಲ್ಲೇ ಹೋಗುದು."

ಅತ್ತೆಯ ಮುಖ ಸಣ್ಣದಾಯಿತು. "ಅಯ್ಯೋ ಶಿವನೇ! ಮೇವೂ ಅದರಲ್ಲೇನಾ? ಮೊದಲೇ ಹೇಳಬಾರದೇನೋ, ಮಂಕೇ? ಹೊಟ್ಟೆಗಿಲ್ದೆ ಕಳಿಸಿಬಿಡ್ತಿದ್ದೆನಲ್ಲೋ!"

ಒಳಗೆ ಓಡಿದರು. ಕೇಬಲ್ ಬಂತು. ಹಳೇ ಸೀರೆಯಲ್ಲಿ ಸುತ್ತಿ, ತುದಿಗೆ ಕುಂಕುಮ ಹಚ್ಚಿಸಿಕೊಂಡು!

ಅಲ್ಲಿಗೆ ಮುಗಿಯಿತೇ? ಇಲ್ಲ. ಈಗ ಕೊಳ್ಳುವವಳಿಗೇ ಇಂಟರ್‌ವ್ಯೂ.

"ಎಲ್ಲಿ ಕಟ್ತೀಯಮ್ಮ ಇದನ್ನ? ನೆರಳಿದೆಯಾ?"

"ಕವರ್ಡ್ ಪಾರ್ಕಿಂಗ್ ಉಂಟು ಆಂಟಿ."

"ಒಳ್ಳೇದು. ಹಾಯೋದಿಲ್ಲ, ಒದೆಯೋದಿಲ್ಲ. ಆದ್ರೆ ಚಳೀಲಿ ಮುದುರ್ಕೊಳ್ಳತ್ತೆ. ದೂರ ಹೊಡೀಬೇಡ."

(ಜಾಹೀರಾತಿನಲ್ಲಿ ಇದನ್ನೇ ನಾನು 'ಸಿಟಿ ಡ್ರೈವಿಂಗ್‌ಗೆ ಐಡಿಯಲ್' ಎಂದು ಬರೆದಿದ್ದೆ.) ಸುಧಾಳ ಹೈಬ್ರಿಡ್ ಕಣ್ಣೆದುರೇ ರಿವರ್ಸ್ ಹೋಗುತ್ತಿರುವಂತೆ ಕಂಡಿತು.

ಲವೀನಾ ಅತ್ತೆಯತ್ತ ತಿರುಗಿದಳು. "ನನ್ನ ಆಫೀಸು ಎರಡು ಸಿಗ್ನಲ್ ಆಚೆ, ಅಷ್ಟೇ," ಎಂದಳು. ಫೋನು ಬ್ಯಾಗಿಗೆ ಹೋಯಿತು. "ಚೌಕಾಸಿ ಮಾಡ್ಲಿಕ್ಕೇ ಬಂದದ್ದು ನಾನು. ಇನ್ನು ಬಾಯೇ ಬರುದಿಲ್ಲ. ನೀವು ಹೇಳಿದ ರೇಟೇ ಆಗ್ಲಿ."

ಮೈಲೇಜು, ಸರ್ವಿಸ್ ರೆಕಾರ್ಡು, ಬ್ಯಾಟರಿಯ ಆರೋಗ್ಯ ಎಲ್ಲವೂ ಫೋನಿನಲ್ಲಿ ಸಿಗುತ್ತವೆ. ಸಾಕಿದವರು ಎಂಥವರು ಎಂಬುದು ಯಾವ ಆ್ಯಪಿನಲ್ಲಿ ಸಿಗಬೇಕು?

ಕೀ ಕೊಡುವಾಗ ಅತ್ತೆ ಅದರ ರಿಂಗನ್ನು ಕಳಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಲಕ್ಷ್ಮಿಗೆ ಅಷ್ಟು ಸಾಕಂತೆ. ಭಾನುವಾರ ಹೈಬ್ರಿಡ್ ಮನೆಗೆ ಬಂತು. ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದಕ್ಕೆ ಹಗ್ಗಾನೇ ಇಲ್ವಲ್ಲೋ, ಬೀಡಾಡೀನಾ?" ಎಂದು ಕೇಳಿದರು.

ಸುದ್ದಿ ಹರಡಿದೆ. ಕಾರು ಮಾರಬೇಕೆಂದಿರುವ ಇಬ್ಬರು ಆಗಲೇ ನನಗೆ ಕಾಲ್ ಮಾಡಿದ್ದಾರೆ. ಯಾವ ಕಾರಿಗೆ ಬೆಲೆ ನಿಲ್ಲುತ್ತದೆ ಎಂದು ಇಬ್ಬರೂ ಕೇಳಲಿಲ್ಲ. ಕೇಳಿದ್ದು ಒಂದೇ: "ಅತ್ತೆಯವರ ವೀಸಾ ಇನ್ನೂ ಎಷ್ಟು ದಿನ ಇದೆ ಗುರೂ?"