ಬೆನ್ನಿನ ನೀರು ಕೇಳಿದ ಡಾಕ್ಟ್ರಮ್ಮ

ಎಳೆಗೂಸನ್ನು ಮುಟ್ಟುವ ಮೊದಲು ನಮ್ಮ ಡಾಕ್ಟ್ರಮ್ಮ ಎರಡೂ ಅಂಗೈಗಳನ್ನು ತಮ್ಮ ಕುತ್ತಿಗೆಗೆ ಒತ್ತಿಕೊಂಡು ಬಿಸಿ ಮಾಡಿಕೊಳ್ಳುತ್ತಿದ್ದರು. ಕಲ್ಲು ಒಡೆಯುವವರ ಕೈಯಂತೆ ಅಗಲವಾದ ಕೈ. ಆ ಕೈಯ ಎರಡು ಬೆರಳು ಕೂಸಿನ ನೆತ್ತಿಯ ಮೇಲೆ ಕೂತರೆ ಮಾತ್ರ ಹೂವಿನಷ್ಟೂ ಭಾರವಿರುತ್ತಿರಲಿಲ್ಲ.

ಅವರು ಕಂಪ್ಲಿ ಕಡೆಯವರು. ಹೊಸಪೇಟೆಯಲ್ಲಿ ಮಕ್ಕಳ ಸಣ್ಣ ಆಸ್ಪತ್ರೆ ನಡೆಸುತ್ತಿದ್ದರು. ಮಧ್ಯಾಹ್ನ ಬಾಗಿಲು ತೆರೆದಿಟ್ಟುಕೊಂಡೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದರು; ಕಾದು ಕೂತವರು ನೋಡುತ್ತಾರೆಂಬ ಸಂಕೋಚ ಇರಲಿಲ್ಲ. ಟೊಪ್ಪಿಗೆ, ಸ್ವೆಟರ್ ಸುತ್ತಿಕೊಂಡು ಬಂದ ಕೂಸುಗಳನ್ನು ಕಂಡರೆ ರೇಗುತ್ತಿದ್ದರು. “ಬಿಚ್ರಿ ಎಲ್ಲಾ. ನಾ ಕೂಸು ನೋಡಾಕ ಕುಂತೀನಿ, ಸ್ವೆಟರ್ ನೋಡಾಕಲ್ಲ.”

ನನ್ನ ಮಗಳಿಗೆ ಆಗ ತಿಂಗಳೂ ತುಂಬಿರಲಿಲ್ಲ. ಬಾಣಂತನಕ್ಕೆ ಮೆಟ್ರಿಯ ತವರಿನಲ್ಲಿದ್ದೆ. ಕೂಸು ಹಾಲು ಕುಡಿಯುವುದನ್ನು ಕಡಿಮೆ ಮಾಡಿತು, ಆಮೇಲೆ ಬಾಯಿಯನ್ನೇ ಹಚ್ಚಲಿಲ್ಲ. ಮೈ ಬಿಸಿ ಇರಲಿಲ್ಲ, ಬದಲಿಗೆ ತಣ್ಣಗಿತ್ತು. ಜ್ವರ ಇಲ್ಲವಲ್ಲ ಎಂದು ಅವ್ವ ಸಮಾಧಾನದಲ್ಲಿದ್ದಳು. ಹಾಲು ಬಿಟ್ಟ ಕೂಸಿಗೆ ಕಾದ ಬಳೆ ಚೂರಿನಿಂದ ಹೊಟ್ಟೆಯ ಮೇಲೆ ಚುಟಿಗೆ ಹಾಕಿಸುವ ರೂಢಿ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಅವ್ವ ಅದಕ್ಕೂ ಹೇಳಿ ಕಳಿಸಿದ್ದಳು. ನಾನು ಒಪ್ಪದೆ ಹೊಸಪೇಟೆಯ ಬಸ್ ಹತ್ತಿದೆ. ಅವ್ವ ಬೈಯುತ್ತಲೇ ಜೊತೆಗೆ ಬಂದಳು.

ಚುಟಿಗೆಯ ಮಾತನ್ನೂ ಬಿಡದೆ ಎಲ್ಲ ಹೇಳಿದೆ. ಡಾಕ್ಟ್ರಮ್ಮ ಕೂಸನ್ನು ಬರಿಮೈಯಲ್ಲಿ ಮಲಗಿಸಿ, ಮುಟ್ಟದೆ, ಸುಮ್ಮನೆ ನೋಡುತ್ತ ನಿಂತರು. ಆಮೇಲೆ ಕೇಳಿದರು: “ಎತ್ತಿಕೊಂಡ್ರ ಸುಮ್ಮನಾಗತೈತೋ, ಅಳತೈತೋ?”

ನನಗಿಂತ ಮೊದಲು ಅವ್ವ ಹೇಳಿದಳು. “ಎತ್ತಿಕೊಂಡ್ರನ ಅಳೋದ್ರಿ. ತೊಟ್ಟಿಲದಾಗ ಹಾಕಿದ್ರ ಗಪ್ ಆಗತೈತಿ. ಭಾಳ ಶಾಣ್ಯಾ ಕೂಸು.”

ಅವರ ಮುಖ ಬದಲಾಯಿತು. “ಯಮ್ಮಾ, ತಾಯಿ ಎತ್ತಿಕೊಂಡ್ರ ಅಳೋ ಕೂಸು ಶಾಣ್ಯಾ ಅಲ್ಲ. ಅಲುಗಾಡಿಸಿದ್ರ ಅದಕ್ಕ ನೋವಾಗತೈತಿ.” ನೆತ್ತಿ ಮುಟ್ಟಿ ನೋಡಿದರು. ಅದು ಉಬ್ಬಿ ಬಿಗಿಯಾಗಿತ್ತು. ರಕ್ತ ತೆಗೆದು, ತಕ್ಷಣ ಔಷಧಿಯ ಸೂಜಿ ಹಾಕಿಸಿದರು. ಆಮೇಲೆ ಬೆನ್ನಿನಿಂದ ನೀರು ತೆಗೆಯಬೇಕು ಎಂದರು. ಮಿದುಳಿನ ಸುತ್ತ ಇರುವ ನೀರೇ ಬೆನ್ನಿನೊಳಗೂ ಇರುತ್ತದೆ, ಅಲ್ಲಿ ಕೀವು ಸೇರಿದೆಯೇ ಎಂದು ಅದನ್ನು ನೋಡಿಯೇ ತಿಳಿಯಬೇಕು ಎಂದು ಬಿಡಿಸಿ ಹೇಳಿದರು.

ಅವ್ವ ಕೂಸಿಗೆ ಅಡ್ಡ ನಿಂತಳು. “ಬೆನ್ನಿಗೆ ಚುಚ್ಚಿದ್ರ ಹೆಣ್ಣುಕೂಸು ಕುಂಟಿ ಆಗತೈತ್ರಿ. ಔಷಧಿ ಹಾಕೀರಲ್ಲ, ನೀರ್ಯಾಕ ಬೇಕು?”

“ಯಾವ ಔಷಧಿ, ಎಷ್ಟು, ಎಷ್ಟು ದಿನ ಅಂತ ಆ ನೀರು ಹೇಳಬೇಕು. ನಾ ಅಂದಾಜಿನ ಮ್ಯಾಲೆ ದಿನಗಟ್ಟಲೆ ಕೂಸಿಗೆ ಔಷಧಿ ಹಾಕಂಗಿಲ್ಲ. ನರದ ಹುರಿ ಮ್ಯಾಲೇ ಮುಗೀತೈತಿ, ನಾ ಚುಚ್ಚೋದು ಅದರ ಕೆಳಗ.”

“ನಿಮ್ಮ ಕೂಸಾಗಿದ್ರ ಚುಚ್ಚತಿದ್ರೇನು?”

“ನಿನ್ನ ಕೇಳತಿದ್ನೇನು? ಇಷ್ಟೊತ್ತಿಗೆ ಚುಚ್ಚಿ ಮುಗಿಸಿರತಿದ್ದೆ. ಹೊಟ್ಟಿ ಮ್ಯಾಲೆ ಕಾದ ಬಳಿ ಇಡಾಕ ನಿನಗ ಹೆದರಿಕಿ ಇಲ್ಲ, ನನ್ನ ಸೂಜಿಗೆ ಹೆದರತೀಯಲ್ಲವ್ವ.”

ನನ್ನ ಗಂಡ ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುತ್ತಾನೆ. ಫೋನ್ ಸಿಗಲಿಲ್ಲ. ಡಾಕ್ಟ್ರಮ್ಮ ನನ್ನ ಕಡೆ ತಿರುಗಿದರು. “ಗಂಡ ಬರ್ಲಿ ಅಂತ ಕಾಯೋ ರೋಗ ಅಲ್ಲ ಇದು. ತಾಯಿ ನೀನು. ನೀ ಹೇಳು.” ಅಲ್ಲಿಯತನಕ ಯಾರೂ ಯಾವುದಕ್ಕೂ ನನ್ನನ್ನು ಹಾಗೆ ಕೇಳಿರಲಿಲ್ಲ. ತೆಗೆಯಿರಿ ಎಂದೆ.

ಡಾಕ್ಟ್ರಮ್ಮ ಕೂಸನ್ನು ಒಳಗೆ ಒಯ್ದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, ಸಣ್ಣ ಸೀಸೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಅವ್ವನಿಗೆ ತೋರಿಸಿದರು. “ಇದು ಕುಡಿಯೋ ನೀರಿನಂಗ ತಿಳಿ ಇರಬೇಕಿತ್ತು.” ಅದು ಅಕ್ಕಿ ತೊಳೆದ ನೀರಿನ ಹಾಗಿತ್ತು. ಲ್ಯಾಬಿನವರೂ ಮಿದುಳು ಜ್ವರವೆಂದೇ ಹೇಳಿದರು. ಹೆಸರಲ್ಲಿ ಜ್ವರವಿದ್ದರೂ ಅಷ್ಟು ಎಳೆಯ ಮೈಗೆ ಜ್ವರ ಬರಲೇಬೇಕೆಂದಿಲ್ಲ ಎಂದು ನನಗೆ ಗೊತ್ತಾದದ್ದು ಆವತ್ತು.

ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದೆವು. ಮಗಳು ಬದುಕಿದಳು, ತಡವಾಗಿಯಾದರೂ ನಡೆದಳು. ಕಾಲಿಗೆ ಏನೂ ಆಗಿರಲಿಲ್ಲ. ಆದರೆ ಮನೆಗೆ ಹೋಗುವ ಮೊದಲೇ ಡಾಕ್ಟ್ರಮ್ಮ ಹಟ ಹಿಡಿದು ಕಿವಿ ಪರೀಕ್ಷೆ ಮಾಡಿಸಿದ್ದರು. ಎರಡೂ ಕಿವಿ ಮಂದವಾಗಿದ್ದವು. “ಈ ರೋಗ ಕಿವಿ ತಿಂತೈತಿ. ಇನ್ನೊಂದಿಷ್ಟು ಜಲ್ದಿ ಬಂದಿದ್ರ ಉಳೀತಿತ್ತೇನು ಅಂತ ಕೇಳಬ್ಯಾಡ. ನನಗ ಗೊತ್ತಿಲ್ಲ. ಮಶೀನ್ ಹಾಕೋಣು, ಮಾತು ಕಲೀತಾಳ.” ಕಲಿತಳು.

ಊರಿನ ಲೆಕ್ಕ ಬೇರೆ ಇತ್ತು. ಬೆನ್ನಿನ ನೀರು ತೆಗೆಸಿದ್ದಕ್ಕೇ ಕಿವಿ ಹೋಯಿತು ಎಂದು ಮೆಟ್ರಿಯಿಂದ ದರೋಜಿಯತನಕ ಮಾತು ಹಬ್ಬಿತು. ನಾನು ಅಳುತ್ತಾ ಅವರಿಗೆ ಹೇಳಿದಾಗ, ಮಿರ್ಚಿ ತಿನ್ನುತ್ತಿದ್ದವರು ಕೈ ಒರೆಸಿಕೊಂಡರು. “ನನ್ನ ಹೆಸರು ಕೆಟ್ರ ಕೆಡಲಿ. ಆ ಮಾತು ಕೇಳಿದ ಇನ್ನೊಬ್ಬಾಕಿ ತನ್ನ ಕೂಸಿನ ಬೆನ್ನು ಮುಟ್ಟಗೊಡಂಗಿಲ್ಲ, ಅದು ನನಗ ಸಿಟ್ಟು. ನೀನೂ ಅಳಬ್ಯಾಡ, ಸಿಟ್ಟಿಗೇಳು.”

ಈ ಬೇಸಿಗೆಯಲ್ಲಿ, ರೋಗಿಗಳನ್ನು ನೋಡುತ್ತಿರುವಾಗಲೇ ಡಾಕ್ಟ್ರಮ್ಮ ಕುಸಿದು ತೀರಿಕೊಂಡರು. ಆಸ್ಪತ್ರೆಯ ಮುಂದೆ ಮಲಗಿಸಿದ್ದರು. ನಾನು ಮಗಳ ಕೈ ಹಿಡಿದು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಹೆಂಗಸು ಬಸುರಿ ಸೊಸೆಗೆ ಹೇಳುತ್ತಿದ್ದಳು: “ಒಳ್ಳೇ ಡಾಕ್ಟ್ರು. ಆದ್ರ ಮೆಟ್ರಿ ಕಡೀದೊಂದು ಕೂಸಿಗೆ ಬೆನ್ನಿಗೆ ಚುಚ್ಚಿ ಕಿವುಡು ಮಾಡಿದ್ರಂತ.”

ಮಗಳನ್ನು ಅವಳ ಮುಂದೆ ನಿಲ್ಲಿಸಿದೆ. “ಆ ಕೂಸು ಇದೇರಿ. ಕಿವಿ ತಿಂದಿದ್ದು ರೋಗ. ಬೆನ್ನಿಗೆ ಚುಚ್ಚಿದ್ದಕ್ಕ ಜೀವ ಉಳಿದೈತಿ. ನಾನೇ ತೆಗೀರಿ ಅಂದಿದ್ದೆ, ನಾಳೆ ಕೇಳಿದ್ರೂ ಅದನ್ನೇ ಅಂತೀನಿ.” ಅತ್ತೆ ಸೆರಗು ಸರಿಮಾಡಿಕೊಂಡಳು. ಸೊಸೆ ನನ್ನ ಮಗಳನ್ನೇ ನೋಡುತ್ತಿದ್ದಳು.

“ಹೆಣದ ಮುಂದ ಸಣ್ಣಗ ಮಾತಾಡವ್ವ,” ಎಂದು ಹಿಂದಿನಿಂದ ಯಾರೋ ಗದರಿದರು.

“ಸಣ್ಣಗ ಮಾತಾಡಿದ್ರ ನನ್ನ ಮಗಳಿಗೆ ಕೇಳಂಗಿಲ್ರಿ,” ಎಂದೆ. ಆಮೇಲೆ ಇಡೀ ಸಾಲಿಗೆ ಕೇಳುವಂತೆ ಮೊದಲಿನಿಂದ ಹೇಳತೊಡಗಿದೆ.